ಓಡುತ್ತಿರುವಾಗ ಬರೆದದ್ದು

ಆ ಬೆಳಿಗ್ಗೆ ಥೋರ್ಕಿಲ್‌ಗೆ ಹೆಮ್ಮೆಯೆನಿಸಿದ್ದು ಮಳೆಯ ನಕ್ಷೆಯನ್ನು ನೋಡಿ. ಅಡಿಗೆಮನೆಯ ಮೇಜಿನ ಮೇಲೆ ಮೇಣದಬತ್ತಿ ಉರಿಯುತ್ತಿತ್ತು, ಹೊರಗೆ ಇನ್ನೂ ಬೆಳಕಾಗಿರಲಿಲ್ಲ, ಕಪ್ಪು ಬ್ರೆಡ್ಡಿನ ಮೇಲೆ ಚೀಸಿನ ಹಾಳೆಯೊಂದನ್ನು ಹಾಸಿಕೊಂಡು ಅವನು ಸೈಕಲ್ಲೋ ಬಸ್ಸೋ ಎಂದು ತೀರ್ಮಾನಿಸುವುದಕ್ಕಾಗಿ ಲ್ಯಾಪ್‌ಟಾಪಿನಲ್ಲಿ ಹವಾಮಾನದ ಪುಟ ತೆರೆದಿದ್ದ. ಬೆರಳಿನಿಂದ ಎಳೆದರೆ ಓರ್ಹೂಸ್ ಊರಿನ ಬಂದರು, ಕೊಲ್ಲಿ, ಕೊಲ್ಲಿಯಾಚೆಯ ಮೋಡ ಎಲ್ಲ ಬೆಣ್ಣೆಯ ಮೇಲೆ ಜಾರಿದಂತೆ ಜಾರಿ ಬಂದವು. ಎಲ್ಲಿಯೂ ಎಡವಲಿಲ್ಲ. ಇದು ನಾನು, ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಅವನಿಗೆ ಬಹಳ ವರ್ಷಗಳ ಅಭ್ಯಾಸ. ಹಲ್ಲುಜ್ಜುವಾಗ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಂತೆ, ಬೆಳಿಗ್ಗೆ ಒಮ್ಮೆ ಯಾವುದೋ ಪುಟವನ್ನು ಎಳೆದು ನೋಡಿ ತಾನು ಇದ್ದೇನೆಂದು ಖಚಿತಪಡಿಸಿಕೊಳ್ಳುತ್ತಿದ್ದ. ಹೆಂಡತಿ ಮೆರೆಟೆ ಈ ಮನೆಯಲ್ಲಿದ್ದಾಗ ಒಮ್ಮೆ ಅತಿಥಿಗಳು ಊಟಕ್ಕೆ ಕೂತು, ನಿನ್ನ ಕೆಲಸ ಏನು ಎಂದು ಅವನನ್ನು ಕೇಳಿದ್ದರು. ಅವನು ಬಾಯಿ ತೆರೆಯುವ ಮೊದಲೇ ಅವಳು, "ಇವನು ಯಾರೂ ಓದದ್ದನ್ನ ಬರೀತಾನೆ. ಇವನೂ ಓದಲ್ಲ" ಎಂದಿದ್ದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಅದು ನಿಜವೂ ಆಗಿತ್ತು, ಅದೇ ತೊಂದರೆ.

ಯಾಕೆಂದರೆ ಅವನು ಬರೆದದ್ದು ಪ್ರೋಗ್ರಾಮುಗಳನ್ನಲ್ಲ, ಪ್ರೋಗ್ರಾಮು ಬರೆಯುವ ಪ್ರೋಗ್ರಾಮನ್ನು. ಜನ ಬ್ರೌಸರಿನಲ್ಲಿ ಪುಟವೊಂದನ್ನು ತೆರೆದಾಗ ಅದರ ಜೊತೆ ಮನುಷ್ಯರು ಓದಬಲ್ಲ ಭಾಷೆಯಲ್ಲಿ ಆಜ್ಞೆಗಳು ಬರುತ್ತವೆ. ಯಂತ್ರಕ್ಕೆ ಆ ಭಾಷೆ ಬಾರದು. ಒಬ್ಬ ದುಭಾಷಿ ಕೂತು ಸಾಲು ಸಾಲಾಗಿ ಓದಿ ಹೇಳಬೇಕು. ಥೋರ್ಕಿಲ್ ಬರೆದ ಪ್ರೋಗ್ರಾಮು, ಅವನ ಎಂಜಿನ್, ಆ ದುಭಾಷಿಯ ಹಿಂದೆ ನಿಂತು ನೋಡುತ್ತಿರುತ್ತದೆ. ಯಾವ ಸಾಲು ಮತ್ತೆ ಮತ್ತೆ ಬರುತ್ತಿದೆಯೋ ಅದನ್ನು ಹಿಡಿದು, ಆ ಕ್ಷಣದಲ್ಲೇ, ಯಂತ್ರದ ಸ್ವಂತ ಮಾತಿನಲ್ಲಿ ಹೊಸದಾಗಿ ಬರೆದು, ಮೆಮೊರಿಯಲ್ಲಿಟ್ಟು, ಓಡಿಸಿಬಿಡುತ್ತದೆ. ಕಿಟಕಿ ಮುಚ್ಚಿದರೆ ಬರೆದದ್ದೆಲ್ಲ ಹೋಯಿತು. ಯಾವ ಡಿಸ್ಕಿನಲ್ಲೂ ಇರುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಜಗತ್ತಿನ ಅರ್ಧ ಜನ ದಿನವಿಡೀ ಅದರ ಮೇಲೆ ಓಡಾಡುತ್ತಾರೆಂದು ಅವನಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಈ ವ್ಯವಸ್ಥೆ ಅವನಿಗೆ ಇಷ್ಟವಾಗಿತ್ತೋ ಇಲ್ಲವೋ ಎಂದು ಅವನು ಯಾವತ್ತೂ ತನ್ನನ್ನು ಕೇಳಿಕೊಂಡಿರಲಿಲ್ಲ. ಬ್ರೆಡ್ಡು ಮುಗಿಸಿ, ಬತ್ತಿ ಊದಿ, ಸೈಕಲ್ಲೇ ಎಂದು ತೀರ್ಮಾನಿಸಿ ಹೊರಟ. ದಾರಿಯಲ್ಲಿ ಮಳೆ ಬಂತು.

ಸಭೆಗೆ ಅವನು ಒದ್ದೆ ಪ್ಯಾಂಟಿನಲ್ಲೇ ಕೂರಬೇಕಾಯಿತು. ಮೇಜಿನ ಮೇಲೆ ಬನ್ನುಗಳು, ಬೆಣ್ಣೆ, ಕಾಫಿಯ ದೊಡ್ಡ ಫ್ಲಾಸ್ಕುಗಳು. ಮ್ಯಾನೇಜರ್ ಪ್ರೆಬೆನ್ ಎಲ್ಲರ ಕಪ್ಪಿಗೂ ತಾನೇ ಕಾಫಿ ಬಗ್ಗಿಸುತ್ತಿದ್ದ. ಯಾರಿಗಾದರೂ ಕೆಟ್ಟ ಸುದ್ದಿಯಿರುವ ದಿನ ಅವನು ಹಾಗೆ ಮಾಡುವುದುಂಟು. ಥೋರ್ಕಿಲ್ ಸಿದ್ಧನಾಗಿ ಬಂದಿದ್ದ. ತನ್ನ ಎಂಜಿನ್ನನ್ನು ಆರಿಸಿ ನಿಲ್ಲಿಸಿಬಿಡಬೇಕೆಂಬ ಮಾತು ವಸಂತದಿಂದಲೇ ಕಚೇರಿಯಲ್ಲಿ ಓಡಾಡುತ್ತಿತ್ತು. ಬರೆಯಲೂ ಬಿಡುವ, ಬರೆದದ್ದನ್ನು ಓಡಿಸಲೂ ಬಿಡುವ ಮೆಮೊರಿ ಎಂದರೆ ಅಗಳಿ ಹಾಕದ ಬಾಗಿಲು. ಕಳ್ಳ ಒಳಗೆ ನುಗ್ಗಿ ತನಗೆ ಬೇಕಾದ್ದನ್ನು ಬರೆದಿಟ್ಟರೆ ಯಂತ್ರ ಅದನ್ನೂ ಅಷ್ಟೇ ನಂಬಿಕೆಯಿಂದ ಓಡಿಸುತ್ತದೆ. ವಸಂತದಲ್ಲಿ ಹಾಗೇ ಆಯಿತು. ಯಾವುದೋ ದೇಶದ ವಕೀಲೆಯೊಬ್ಬಳ ಫೋನಿಗೆ ಯಾರೋ ಆ ಬಾಗಿಲಿನಿಂದ ಹೊಕ್ಕಿದ್ದರು. ಥೋರ್ಕಿಲ್ ಒಂದು ಮಧ್ಯಾಹ್ನ ಕೂತು ಆ ಬಿರುಕನ್ನು ಮುಚ್ಚಿದ್ದ. ಮುಚ್ಚುವಾಗ ಒಂದೆರಡು ಸಲ ಆ ಹೆಂಗಸಿನ ಮುಖ ಹೇಗಿರಬಹುದೆಂದು ಯೋಚಿಸಿದ್ದ. ಕನ್ನಡಕ ಹಾಕಿರಬೇಕು ಅನ್ನಿಸಿತ್ತು. ಅಷ್ಟರಲ್ಲಿ ಬಿರುಕು ಮುಚ್ಚಿತ್ತು. ಇದು ಯಾರ ತಪ್ಪೂ ಅಲ್ಲ, ವ್ಯವಸ್ಥೆಯದು, ಎಂದು ಪ್ರೆಬೆನ್ ಎಲ್ಲರಿಗೂ ಬರೆದು ಕಳಿಸಿದ್ದ. ಯಾರ ತಪ್ಪೂ ಅಲ್ಲ ಅನ್ನಿಸಿಕೊಳ್ಳುವುದರಲ್ಲಿ ಒಂದು ಬಗೆಯ ಅವಮಾನವಿದೆಯೆಂದು ಥೋರ್ಕಿಲ್‌ಗೆ ಆಗ ತಿಳಿಯಿತು, ಆದರೆ ಅದನ್ನು ಯಾರಿಗೆ ಹೇಳುವುದು?

ಸೋಲ್ವಾಯ್ ಎದ್ದು ನಿಂತಳು. ಅವಳು ಭದ್ರತೆಯ ತಂಡದ ಮುಖ್ಯಸ್ಥೆ. ಒಂದು ಕಾಲಕ್ಕೆ ವಿಶ್ವವಿದ್ಯಾಲಯದಲ್ಲಿ ಅವನ ವಿದ್ಯಾರ್ಥಿನಿ. ಮೊದಲ ಸಾಲಿನಲ್ಲಿ ಕೂತು ಸೇಬು ಕಚ್ಚುತ್ತಾ ಪಾಠ ಕೇಳುತ್ತಿದ್ದಳು, ಆ ಕಚ್ಚುವ ಸದ್ದಿಗೆ ಅವನು ಮಾತು ಮರೆಯುತ್ತಿದ್ದ. ಈಗ ಅವಳ ಕೂದಲಲ್ಲಿ ನರೆಯಿತ್ತು.

"ಥೋರ್ಕಿಲ್, ನೀನು ಮಾತಾಡೋ ಮುಂಚೆ ಒಂದು ವಿಷಯ ಹೇಳ್ಬೇಕು," ಎಂದಳು. "ನಿನ್ನ ಎಂಜಿನ್ನನ್ನ ನಾವು ಹೋದ ತಿಂಗಳೇ ಆರಿಸಿದ್ವಿ. ಪರೀಕ್ಷೆಗೆ. ದೇಶದಲ್ಲಿ ಕೆಲವರಿಗೆ. ಮತ್ತೆ ಈ ಕಚೇರಿಯಲ್ಲಿ ಎಲ್ಲರಿಗೂ."

"ಎಲ್ಲರಿಗೂ ಅಂದ್ರೆ?"

"ಎಲ್ಲರಿಗೂ. ಮೊದಲೇ ಹೇಳಿದ್ರೆ ಪರೀಕ್ಷೆಗೆ ಅರ್ಥ ಇರ್ತಿರ್ಲಿಲ್ಲ. ನಿನ್ನ ಲ್ಯಾಪ್‌ಟಾಪಿನಲ್ಲೂ ಆರಿದೆ."

ಯಾರೋ ಬನ್ನಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿದರು. ಥೋರ್ಕಿಲ್ ತಲೆ ಬಗ್ಗಿಸಿ ಲ್ಯಾಪ್‌ಟಾಪ್ ತೆರೆದು, ತಾನೇ ಒಂದು ಕಾಲದಲ್ಲಿ ಮಾಡಿದ್ದ, ಹೊರಗಿನವರಿಗೆ ಗೊತ್ತಿಲ್ಲದ ಪುಟಕ್ಕೆ ಹೋಗಿ ನೋಡಿದ. ಆರಿತ್ತು. ಹಾಗಾದರೆ ಬೆಳಿಗ್ಗೆ ಜಾರಿ ಬಂದ ಕೊಲ್ಲಿ, ಮೋಡ, ಬಂದರು, ಅವೆಲ್ಲ ತಾನಲ್ಲ. ದುಭಾಷಿ, ಆ ಬಡಪಾಯಿ ದುಭಾಷಿ, ಸಾಲು ಸಾಲಾಗಿ ಓದಿ ಹೇಳಿದ್ದು. ಒಂದು ತಿಂಗಳು ಪ್ರತಿ ಬೆಳಿಗ್ಗೆ ಅವನು ಬೇರೆಯವನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡು ಒಪ್ಪಿಕೊಂಡಿದ್ದ. ನಗು ಬರುವಂಥದ್ದೇ. ನಗಬೇಕೆಂದು ಬಾಯಿಯ ಸ್ನಾಯುಗಳನ್ನು ಎಳೆದ, ಅವು ಒಪ್ಪಲಿಲ್ಲ.

"ಯಂತ್ರಗಳು ಈಗ ಎಷ್ಟು ವೇಗ ಆಗಿವೆ ಅಂದ್ರೆ..." ಎಂದು ಸೋಲ್ವಾಯ್ ಶುರು ಮಾಡಿದಳು. ಅವಳ ದನಿಯಲ್ಲಿ ಗೆಲುವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಸಾಮಾನ್ಯ ಪುಟಗಳಲ್ಲಿ ವ್ಯತ್ಯಾಸ ತಿಳಿಯಲ್ಲ. ಯಾರೂ ಗಮನಿಸಲಿಲ್ಲ."

"ಯಾರೂ?"

"ದೂರು ಬಂದಿದ್ರೆ ನಮ್ಮವರೆಗೆ ಬರ್ತಿತ್ತು."

"ನೀನು ಏನೋ ಹೇಳೋಕೆ ತಯಾರಾಗಿ ಬಂದಿದ್ದೆ," ಎಂದ ಪ್ರೆಬೆನ್, ಕಾಫಿ ಬಗ್ಗಿಸುತ್ತಾ.

"ಇಲ್ಲ. ಏನಿಲ್ಲ," ಎಂದ ಥೋರ್ಕಿಲ್. ನಾಳೆ ಶುಕ್ರವಾರ ಅಂತಿಮ ತೀರ್ಮಾನ, ಅಷ್ಟರೊಳಗೆ ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಹೇಳಿ, ಎಂದು ಪ್ರೆಬೆನ್ ಸಭೆ ಮುಗಿಸಿದ. ಎಲ್ಲರೂ ಎದ್ದು ಹೋಗುವಾಗ ಒಬ್ಬೊಬ್ಬರೂ ಥೋರ್ಕಿಲ್‌ನ ಹೆಗಲು ಮುಟ್ಟಿ ಹೋದರು. ಸತ್ತವರ ಮನೆಯಲ್ಲಿ ಹಾಗೆ ಮುಟ್ಟುತ್ತಾರೆ. ಅವನ ಪ್ಯಾಂಟು ಕುರ್ಚಿಯ ಬಟ್ಟೆಯ ಮೇಲೆ ಒದ್ದೆ ಗುರುತು ಬಿಟ್ಟಿತ್ತು. ಅದು ಯಾರ ಕಣ್ಣಿಗೂ ಬೀಳದಿರಲೆಂದು ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ ಹೊರಬಂದ.

ತನ್ನ ಕೋಣೆಯಲ್ಲಿ ಅವನು ಏನೂ ಮಾಡದೆ ಕೂತಿದ್ದಾಗ ಕೆಳಗಿನ ಸ್ವಾಗತದ ಮೇಜಿನಿಂದ ಫೋನು ಬಂತು. ಯಾರೋ ಹೆಂಗಸು ಕೂಗಾಡುತ್ತಿದ್ದಾಳೆ, ಮಾತಾಡಿಸಲು ಇಡೀ ಮಹಡಿಯಲ್ಲಿ ಯಾರೂ ಸಿಗುತ್ತಿಲ್ಲ, ನೀನೊಬ್ಬನೇ ಎತ್ತಿದ್ದು, ಎಂದು ಮೇಜಿನವಳು ಲೈನು ಕೊಟ್ಟುಬಿಟ್ಟಳು.

"ನೀನು ಎಷ್ಟನೆಯವನು ಗೊತ್ತಾ?" ಎಂದಿತು ಆ ಕಡೆಯ ದನಿ. "ಎಲ್ಲರೂ ಒಂದೇ ಮಾತು. ಕಂಪ್ಯೂಟರ್ ಆರಿಸಿ ಹಚ್ಚು ಅಂತ. ಆರಿಸಿ ಹಚ್ಚಿ ಆರಿಸಿ ಹಚ್ಚಿ ಸಾಕಾಗಿದೆ. ಈ ಬ್ರೌಸರಿನ ಹೊಟ್ಟೆಯಲ್ಲಿರೋದನ್ನ ನಮ್ಮೂರಲ್ಲೇ ಮಾಡೋದು ಅಂತ ಪೇಪರಿನಲ್ಲಿ ಓದಿದ್ದೆ, ಅದಕ್ಕೆ ನಿಮ್ಮ ಬಾಗಿಲಿಗೇ ಫೋನು ಮಾಡಿದೆ."

"ಏನಾಗಿದೆ?"

"ನನ್ನ ತಮ್ಮನಿಗೆ ಮೈ ಅಲ್ಲಾಡಲ್ಲ. ನಾಲಿಗೇನೂ ಅಲ್ಲಾಡಲ್ಲ. ಕಣ್ಣು ಮಾತ್ರ. ಪರದೆ ಮೇಲಿನ ಅಕ್ಷರ ನೋಡ್ತಾನೆ, ಯಂತ್ರ ಓದಿ ಹೇಳುತ್ತೆ. ವಿಶ್ವವಿದ್ಯಾಲಯದವರು ಮಾಡಿಕೊಟ್ಟ ಪುಟ, ನಿಮ್ಮ ಬ್ರೌಸರಿನಲ್ಲೇ ತೆರೆಯೋದು. ಹೋದ ತಿಂಗಳಿಂದ ಅದು ಸತ್ತ ಹಾಗೆ ಆಗಿದೆ. ಒಂದು ಮಾತು ಮುಗಿಸೋ ಹೊತ್ತಿಗೆ ಸೂಪು ತಣ್ಣಗಾಗುತ್ತೆ."

ಥೋರ್ಕಿಲ್ ಎದ್ದು ನಿಂತಿದ್ದ. ಯಾವಾಗ ಎದ್ದನೆಂದು ಅವನಿಗೇ ತಿಳಿಯಲಿಲ್ಲ. "ಹೋದ ತಿಂಗಳಿಂದಲಾ?" ಎಂದು ಕೇಳಿದ. "ಖಂಡಿತವಾಗಿ?" ಅವನ ದನಿ ಮೇಲಕ್ಕೇರಿತ್ತು. ಆ ಹೆಂಗಸು, "ನಿನಗೇನು, ಇದನ್ನ ಕೇಳಿ ಸಂತೋಷ ಆದ ಹಾಗಿದೆಯಲ್ಲ?" ಎಂದಳು.

ಇಲ್ಲ ಎಂದ. ವಿಳಾಸ ಬರೆದುಕೊಂಡ. ಮೆಟ್ಟಿಲಿಳಿಯುವಾಗ ಕಾಲು ಹಗುರವಾಗಿತ್ತು. ಸಂತೋಷವೇ ಆಗಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯಲು ದಾರಿಯುದ್ದಕ್ಕೂ ನೋಡಿದ. ಬಸ್ಸು ಊರಂಚಿನ ಬ್ರಾಬ್ರಾನ್ ಕಡೆಗೆ ಹೋಗುತ್ತಿತ್ತು, ಕಿಟಕಿಯ ಗಾಜಿನ ಮೇಲೆ ನೀರು ಓರೆಯಾಗಿ ಹರಿಯುತ್ತಿತ್ತು, ಮುಂದಿನ ಸೀಟಿನ ಮಗು ಆ ನೀರಿನ ಎಳೆಯೊಂದನ್ನು ಬೆರಳಿನಿಂದ ಹಿಂಬಾಲಿಸುತ್ತಿತ್ತು. ಕಳವಳ ಎನ್ನೋಣ. ಜವಾಬ್ದಾರಿ ಎನ್ನೋಣ. ಒಬ್ಬ ಮನುಷ್ಯನ ಮಾತು ನಿಂತಿದೆ, ತಾನು ಹೋಗುತ್ತಿದ್ದೇನೆ. ಆದರೆ ಒಳಗೆ ಎಲ್ಲೋ ಒಬ್ಬ, ಒದ್ದೆ ಪ್ಯಾಂಟಿನವನು, ಕೈ ಕೈ ಉಜ್ಜಿಕೊಂಡು, ಸಿಕ್ಕಿದ, ಸಿಕ್ಕಿದ, ಒಬ್ಬ ಸಿಕ್ಕಿದ, ಎನ್ನುತ್ತಿದ್ದ. ತಂದೆ ತೀರಿಕೊಂಡ ದಿನ ಪರೀಕ್ಷೆ ಮುಂದೆ ಹೋಯಿತೆಂದು ತಿಳಿದಾಗ ಇವನೇ ಒಳಗಿನಿಂದ ಕೈ ಉಜ್ಜಿದ್ದು. ಥೋರ್ಕಿಲ್ ಅವನನ್ನು ಗುರುತು ಹಿಡಿದ. ಬಸ್ಸು ಕೆರೆಯ ಪಕ್ಕ ತಿರುಗಿತು.

ಬಾಗಿಲು ತೆರೆದ ಬೋಡಿಲ್ ಎತ್ತರದ ಹೆಂಗಸು, ಕೈಯೆಲ್ಲ ಹಿಟ್ಟು. ಬೂಟು ಬಿಚ್ಚು ಎಂದು ಅವನಿಗೆ ಉಣ್ಣೆಯ ಕಾಲುಚೀಲ ಕೊಟ್ಟಳು. ಒಳಗೆ ಕಿಟಕಿಯ ಬಳಿ ಚಕ್ರದ ಕುರ್ಚಿಯಲ್ಲಿ ಅವಳ ತಮ್ಮ ಎಸ್ಬೆನ್ ಒರಗಿಸಿಟ್ಟಂತೆ ಕೂತಿದ್ದ. ಅಗಲವಾದ ಹೆಗಲು, ಕೆಂಪು ಗಡ್ಡ, ಮೈಮೇಲೆ ಯಾವುದೋ ಕ್ಲಬ್ಬಿನ ಹಳದಿ ಜಾಕೆಟ್ಟು. ಕಾಯಿಲೆಗೆ ಮುಂಚೆ ಅವನು ಮನೆಗಳಿಗೆ ನಲ್ಲಿ, ಪೈಪು ಕೂರಿಸುತ್ತಿದ್ದನಂತೆ. ಸಂಜೆ ಊರಿನ ಹುಡುಗಿಯರ ಹ್ಯಾಂಡ್‌ಬಾಲ್ ತಂಡಕ್ಕೆ ತರಬೇತುದಾರ. ಆ ಕೆಲಸವನ್ನು ಈಗಲೂ ಬಿಟ್ಟಿರಲಿಲ್ಲ. ಆಟದ ನಡುವೆ ತರಬೇತುದಾರನಿಗೆ ಸಿಗುವ ಒಂದು ನಿಮಿಷದ ಬಿಡುವಿನಲ್ಲಿ ಹುಡುಗಿಯರು ಓಡಿ ಬಂದು ಕುರ್ಚಿಯ ಸುತ್ತ ಬಗ್ಗಿ ನಿಲ್ಲುತ್ತಾರೆ, ಯಂತ್ರ ಅವನ ಮಾತು ಹೇಳುತ್ತದೆ.

"ಹೋದ ವಾರ ಏನಾಯ್ತು ಅಂದ್ರೆ," ಎಂದಳು ಬೋಡಿಲ್, ಹಿಟ್ಟು ಒರೆಸಿಕೊಳ್ಳುತ್ತಾ, "ಬಿಡುವು ಮುಗೀತು, ಪೀಪಿ ಊದಿದ್ರು, ಹುಡುಗಿಯರು ಆಡ್ತಿದ್ದಾರೆ, ಆಗ ಇದು ಬಾಯಿ ತೆರೀತು. ಇಡೀ ಹಾಲಿಗೆ ಕೇಳೋ ಹಾಗೆ, ಎಡಗಡೆಯವಳಿಗೆ ಚೆಂಡು ಕೊಡಬೇಡಿ ಅಂತ. ಎದುರಾಳಿಗಳೇ ನಕ್ಕುಬಿಟ್ರು. ರೆಫರಿ ಎಚ್ಚರಿಕೆ ಕೊಟ್ಟ. ಕ್ಲಬ್ಬಿನವರು ಇವನಿಗೆ ವಿಶ್ರಾಂತಿ ತಗೋ ಅಂತಿದ್ದಾರೆ. ವಿಶ್ರಾಂತಿ! ಇವನು ಇನ್ನೆಷ್ಟು ವಿಶ್ರಾಂತಿ ತಗೋಬೇಕು?"

ಎಸ್ಬೆನ್‌ನ ಎದುರಿನ ಪರದೆಯ ಮೇಲೆ ಅಕ್ಷರಗಳ ಸಾಲು, ಅದರ ನೆತ್ತಿಯ ಮೇಲೆ ಸಣ್ಣ ಕ್ಯಾಮೆರಾ. ಕಣ್ಣು ಎಲ್ಲಿದೆಯೆಂದು ತೋರಿಸುವ ಕೆಂಪು ಚುಕ್ಕೆಯೊಂದು ಓಡಾಡುತ್ತಿತ್ತು. ಥೋರ್ಕಿಲ್ ಪಕ್ಕಕ್ಕೆ ಹೋಗಿ ಬಗ್ಗಿ ನೋಡಿದ. ಕಣ್ಣು ಅಕ್ಷರಕ್ಕೆ ಹೋಗಿ ಕಾಯುತ್ತಿತ್ತು. ಚುಕ್ಕೆ ಹಿಂದೆ, ಕುಂಟುತ್ತಾ, ನಿಂತು, ನೆಗೆದು ಬರುತ್ತಿತ್ತು, ಅಷ್ಟರಲ್ಲಿ ಕಣ್ಣು ದಣಿದು ಬೇರೆಡೆಗೆ ಹೊರಳಿರುತ್ತಿತ್ತು. ಕ್ಯಾಮೆರಾದ ಚಿತ್ರವನ್ನು ಕ್ಷಣಕ್ಷಣವೂ ಲೆಕ್ಕ ಹಾಕಬೇಕಾದ ಕೆಲಸ, ಒಂದೇ ಸಾಲು ಲಕ್ಷಾಂತರ ಸಲ. ತನ್ನ ಎಂಜಿನ್ ಇದಕ್ಕಾಗಿಯೇ ಇದ್ದದ್ದು. ಇಡೀ ದೇಶವೇ ಗಮನಿಸದೆ ಹೋದದ್ದನ್ನು ಈ ಕಣ್ಣುಗಳು ಗಮನಿಸಿದ್ದವು. ಅವನು ಕಿಟಕಿಯ ಕಡೆ ತಿರುಗಿ ಫೋನು ತೆಗೆದ.

"ಸೋಲ್ವಾಯ್, ಯಾರೂ ಗಮನಿಸಲಿಲ್ಲ ಅಂದೆಯಲ್ಲ, ಒಬ್ಬ ಸಿಕ್ಕಿದ," ಎಂದ. "ಮೈಯೆಲ್ಲ ಬಿದ್ದುಹೋಗಿದೆ. ಕಣ್ಣಲ್ಲಿ ಬರೆದು ಮಾತಾಡ್ತಾನೆ, ಈಗ ಅದೂ ಹೋಗಿದೆ. ಹ್ಯಾಂಡ್‌ಬಾಲ್ ಕೋಚು. ಕೇಳಿದವರ ಕಣ್ಣಲ್ಲಿ ನೀರು ಬರಬೇಕು. ಇದಕ್ಕಿಂತ ಒಳ್ಳೆ ಕೇಸು ನನಗೆ ಸಿಗಲ್ಲ. ನಾಳೆ ಸಭೆಗೆ ಒಂದು ವಿಡಿಯೊ ಮಾಡ್ಕೊಂಡು ಬರ್ತೀನಿ. ನೋಡೋಣ ಪ್ರೆಬೆನ್ ಆಗ ಏನಂತಾನೆ." ಸೋಲ್ವಾಯ್ ಏನೋ ಹೇಳಿದಳು, ಅವನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಫೋನು ಜೇಬಿಗಿಟ್ಟ. ಕೆರೆಯ ಮೇಲೆ ಬೆಳಕು ಆಗಲೇ ಬಾಡತೊಡಗಿತ್ತು. ಬೋಡಿಲ್ ಕುರ್ಚಿಯ ಹಿಂದೆ ನಿಂತಿದ್ದಳು. ಅವಳು ತನ್ನನ್ನು ನೋಡುತ್ತಿಲ್ಲ, ಪರದೆಯನ್ನು ನೋಡುತ್ತಿದ್ದಾಳೆ ಎಂದು ತಿಳಿದು ಅವನೂ ತಿರುಗಿದ. ಅಕ್ಷರಗಳು ಒಂದೊಂದಾಗಿ ಬೀಳುತ್ತಿದ್ದವು. ಅವನು ಫೋನಿನಲ್ಲಿ ಮಾತಾಡತೊಡಗಿದಾಗ ಹೊರಟ ಮಾತು ಅದು. ಕಾಯುವುದಲ್ಲದೆ ಬೇರೆ ದಾರಿಯಿರಲಿಲ್ಲ, ಮೂವರೂ ಕಾದರು. ಒಲೆಯ ಮೇಲೆ ಏನೋ ಕುದಿಯುವ ಸದ್ದು. ಕೊನೆಗೆ ಯಂತ್ರ, ಕೋಪವಿಲ್ಲದ, ಯಾವ ಭಾವವೂ ಇಲ್ಲದ ಗಂಡಸಿನ ದನಿಯಲ್ಲಿ ಹೇಳಿತು:

"ನಾನು ಇಲ್ಲೇ ಇದ್ದೀನಿ."

ಥೋರ್ಕಿಲ್ ಆ ಕೋಣೆಯಲ್ಲಿ, ಬೇರೆಯವರ ಕಾಲುಚೀಲದಲ್ಲಿ ನಿಂತಿದ್ದ. ಕ್ಷಮಿಸು ಎಂದನೋ, ಅನ್ನಬೇಕೆಂದುಕೊಂಡನೋ. ಎಸ್ಬೆನ್‌ನ ಮುಖದಲ್ಲಿ ಏನನ್ನೂ ಓದುವಂತಿರಲಿಲ್ಲ. ಆ ಮುಖ ಓದಿಸಿಕೊಳ್ಳುವುದನ್ನು ಬಿಟ್ಟು ವರ್ಷಗಳಾಗಿದ್ದವು. ಕಣ್ಣುಗಳು ಮಾತ್ರ ಪರದೆಯಿಂದ ಅವನ ಕಡೆಗೆ ಬಂದು, ಅಲ್ಲೇ ನಿಂತು, ಮತ್ತೆ ಪರದೆಗೆ ಹೋದವು.

"ಸರಿ ಮಾಡೋಕೆ ಬಂದೆಯೋ, ಫೋಟೊ ತೆಗೆಯೋಕೆ ಬಂದೆಯೋ?" ಎಂದಳು ಬೋಡಿಲ್. "ರೋಗಿಗಳ ಸಂಘದವರು ಇವನನ್ನ ಒಂದು ಸಲ ಪೋಸ್ಟರಿಗೆ ಹಾಕಿದ್ರು. ಬಸ್‌ಸ್ಟಾಪಿನಲ್ಲೆಲ್ಲ ಇವನ ಮುಖ. ಆಮೇಲೆ ಜನ ಇವನ ಜೊತೆ ಮೆತ್ತಗೆ ಮಾತಾಡೋಕೆ ಶುರು ಮಾಡಿದ್ರು. ಅದು ಇವನಿಗೆ ಕಾಯಿಲೆಗಿಂತ ಕಷ್ಟ ಆಯ್ತು."

"ಸರಿ ಮಾಡ್ತೀನಿ," ಎಂದ ಥೋರ್ಕಿಲ್. ಕೀಲಿಮಣೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಆ ಮರೆಯ ಪುಟಕ್ಕೆ ಹೋದ. ಬೆರಳು ಎಂಜಿನ್ ಹಚ್ಚುವ ಗುಂಡಿಯ ಮೇಲಿದ್ದಾಗ ವಕೀಲೆಯ ಮುಖ ನೆನಪಾಯಿತು, ಕನ್ನಡಕದ್ದು, ತಾನೇ ಕಲ್ಪಿಸಿಕೊಂಡದ್ದು. ಆ ಅಪಾಯವನ್ನು ಇವನಿಗೆ ಹೇಳಬೇಕಲ್ಲವೇ? ಹೇಳಿದರೆ ಬೇಡ ಎಂದಾನು. ಹೇಳಲಿಲ್ಲ. ಒತ್ತಿದ. ಬ್ರೌಸರ್ ಮುಚ್ಚಿ ತೆರೆದುಕೊಂಡಿತು. ಕೆಂಪು ಚುಕ್ಕೆ ಒಂದೆರಡು ಗಳಿಗೆ ಮೊದಲಿನಂತೆಯೇ ಕುಂಟಿತು. ಎಂಜಿನ್ ಹಿಂದೆ ನಿಂತು ನೋಡುತ್ತಿದೆಯೆಂದು ಅವನಿಗೆ ಗೊತ್ತಿತ್ತು, ಯಾವ ಸಾಲು, ಯಾವ ಸಾಲು ಎಂದು. ಆಮೇಲೆ ಚುಕ್ಕೆ ಹೋಗಿ ಕಣ್ಣಿಗೆ ಅಂಟಿಕೊಂಡಿತು. ಅಕ್ಷರಗಳು ಜೋಳ ಹುರಿದಂತೆ ಪಟಪಟನೆ ಬಿದ್ದವು.

"ಆ ಸೋಲ್ವಾಯ್‌ಗೆ ಫೋನು ಮಾಡು," ಎಂದಿತು ಯಂತ್ರ. "ನಾನು ಮಾತಾಡ್ತೀನಿ. ನೀನಲ್ಲ."

ಥೋರ್ಕಿಲ್ ಕರೆ ಮಾಡಿ ಕೊಟ್ಟ ಫೋನನ್ನು ಬೋಡಿಲ್ ಸ್ಪೀಕರಿನ ಪಕ್ಕ ಒರಗಿಸಿಟ್ಟಳು. ಸೋಲ್ವಾಯ್‌ಳ ದನಿ ಕೋಣೆಯೊಳಗೆ ಬಂತು.

"ನಾನು ಒಳ್ಳೆ ಕೇಸು," ಎಂದ ಎಸ್ಬೆನ್. "ದನಿ ನಮ್ಮೂರಿನದಲ್ಲ, ಕೋಪನ್‌ಹೇಗನ್ನಿನವನದು, ಅದಕ್ಕೆ ಕ್ಷಮಿಸು. ಬೇರೆ ಸಿಗಲಿಲ್ಲ."

ಸೋಲ್ವಾಯ್ ನಕ್ಕಳು. ಪಾಠದ ಮಧ್ಯೆ ಅವಳು ಹೀಗೆ ನಕ್ಕದ್ದನ್ನು ಥೋರ್ಕಿಲ್ ಒಮ್ಮೆಯೂ ಕೇಳಿರಲಿಲ್ಲ. "ಹೇಳು, ಕೇಸು," ಎಂದಳು.

"ಈ ಮುದುಕ ಏನೋ ಒತ್ತಿದ. ಒತ್ತೋವಾಗ ಕೈ ತಡೀತು. ಯಾಕೆ ಅಂತ ಅವನು ಹೇಳಲ್ಲ. ನೀನು ಹೇಳು."

ಥೋರ್ಕಿಲ್ ನೆಲ ನೋಡಿದ. ಸೋಲ್ವಾಯ್ ಹೇಳಿದಳು. ಬಾಗಿಲಿನ ವಿಷಯ, ಅಗಳಿಯ ವಿಷಯ, ನೇರವಾಗಿ, ಯಾವುದನ್ನೂ ಮೆತ್ತಗೆ ಮಾಡದೆ. ವಕೀಲೆಯ ವಿಷಯ. "ಅವಳ ಫೋನಿನಲ್ಲಿ ಅವಳ ಕಕ್ಷಿದಾರರ ಹೆಸರುಗಳಿದ್ವು. ಅವರಲ್ಲಿ ಕೆಲವರು ಈಗ ಜೈಲಿನಲ್ಲಿದ್ದಾರೆ. ಒಬ್ಬ ಎಲ್ಲಿದ್ದಾನೆ ಅಂತಲೇ ಗೊತ್ತಿಲ್ಲ."

ಇದು ಥೋರ್ಕಿಲ್‌ಗೆ ತಿಳಿದಿರಲಿಲ್ಲ. ಯಾರೂ ಮುಚ್ಚಿಟ್ಟಿರಲಿಲ್ಲ; ಅವನು ಕೇಳಿರಲಿಲ್ಲ. ವಸಂತದಿಂದ ಇಲ್ಲಿಯವರೆಗೆ ಕಾಫಿಯ ಯಂತ್ರದ ಮುಂದೆ, ಲಿಫ್ಟಿನಲ್ಲಿ, ಎಷ್ಟೋ ಸಲ ಸೋಲ್ವಾಯ್ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಅವಳಿಗೆ ಏನಾಯಿತು ಎಂಬ ಅಷ್ಟು ಸಣ್ಣ ಪ್ರಶ್ನೆಯನ್ನು ಅವನು ಕೇಳಿರಲಿಲ್ಲ. ಬಿರುಕು ಮುಚ್ಚಿದ ಮೇಲೆ ಅವನ ಪಾಲಿಗೆ ಆ ಹೆಂಗಸೂ ಮುಚ್ಚಿಕೊಂಡಿದ್ದಳು. ಈಗ, ಹಿಟ್ಟಿನ ವಾಸನೆಯ ಈ ಮನೆಯಲ್ಲಿ, ತನಗೆ ಹೇಳಿದ್ದಲ್ಲದ ಮಾತಿನಲ್ಲಿ ಅವನಿಗೆ ಅದು ತಿಳಿಯಿತು.

ಎಸ್ಬೆನ್‌ನ ಕಣ್ಣು ಸ್ವಲ್ಪ ಹೊತ್ತು ಯಾವ ಅಕ್ಷರದ ಮೇಲೂ ಇರಲಿಲ್ಲ. ಯಂತ್ರ ತಡಮಾಡಿದ್ದಲ್ಲ, ಅವನೇ ಸುಮ್ಮನಿದ್ದ.

"ಹಾಗಿದ್ರೆ ಅವಳಿಗೆ ಆರಿಸು," ಎಂದ. "ನನಗೆ ಹಚ್ಚಿರಲಿ."

"ಇಬ್ಬರ ಹತ್ತಿರ ಇರೋದೂ ಒಂದೇ ಬ್ರೌಸರ್."

"ನಾವಿಬ್ಬರೂ ಒಂದೇ ಅಲ್ಲವಲ್ಲ. ಆರಿಸೋ ಮುಂಚೆ ನನ್ನನ್ನ ಕೇಳಿದೆಯಾ?"

"ಇಲ್ಲ."

"ಹಚ್ಚೋ ಮುಂಚೆ ಇವನು ಅವಳನ್ನ ಕೇಳಿದ್ನಾ?"

ಇದರ ಉತ್ತರ ಥೋರ್ಕಿಲ್‌ಗೆ ಗೊತ್ತಿತ್ತು. ಬೋಡಿಲ್ ಅವನ ಕೈಗೆ ಪಾತ್ರೆ ಒರೆಸುವ ಬಟ್ಟೆಯೊಂದನ್ನು ಕೊಟ್ಟು, "ಸುಮ್ಮನೆ ನಿಲ್ಲಬೇಡ," ಎಂದು ಅಡಿಗೆಮನೆಯ ಕಡೆ ತೋರಿಸಿದಳು. ಅವನು ಹೋದ. ತೊಳೆದಿಟ್ಟ ತಟ್ಟೆಗಳನ್ನು ಒಂದೊಂದಾಗಿ ಒರೆಸಿ ಇಟ್ಟ. ಗೋಡೆಯಾಚೆಯಿಂದ ಎರಡು ದನಿಗಳು ಬರುತ್ತಲೇ ಇದ್ದವು, ಒಂದು ಏರಿಳಿಯುತ್ತಾ, ಒಂದು ಏರಿಳಿಯದೆ. ಎಷ್ಟು ಜನರಿಗೆ ಬೇಕಾದೀತು, ಎಂದು ಸೋಲ್ವಾಯ್ ಕೇಳುತ್ತಿದ್ದಳು. ನನ್ನಂಥವರಿಗೆ, ಎಂದ ಎಸ್ಬೆನ್. ನಮ್ಮನ್ನು ಎಣಿಸಬೇಡ, ಕೇಳು. ಎಲ್ಲರಿಗೂ ಆರಿಸಿ, ಬೇಕಾದವರಿಗೆ ಹಚ್ಚಿಕೊಳ್ಳಲು ಗುಂಡಿಯೊಂದನ್ನು ಕೊಡಬಹುದು, ಎಂದಳು ಸೋಲ್ವಾಯ್, ಆದರೆ ಅಪಾಯ ಏನೆಂದು ಅದರ ಪಕ್ಕ ಬರೆಯಬೇಕು, ನಮ್ಮವರು ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ನಾನು ಬರೆದುಕೊಡ್ತೀನಿ, ಎಂದಿತು ಯಂತ್ರ. ಅಕ್ಷರ ಬೀಳುವಷ್ಟು ಹೊತ್ತು ನಿಶ್ಶಬ್ದ. "ಬೇಗ ಬೇಕಾದ್ರೆ ಒತ್ತು. ಕಳ್ಳರಿಗೂ ಬೇಗ ಆಗುತ್ತೆ." ಸೋಲ್ವಾಯ್ ಮತ್ತೆ ನಕ್ಕಳು, ಬೋಡಿಲ್ ಕೂಡ. ಅಡಿಗೆಮನೆಯಲ್ಲಿ ಥೋರ್ಕಿಲ್ ತಟ್ಟೆ ಹಿಡಿದು ನಿಂತು ಆ ನಗು ಮುಗಿಯುವುದನ್ನು ಕಾದ. ತನ್ನ ಬದುಕೆಲ್ಲ ಸವೆಸಿ ಮಾಡಿದ್ದು ಗೋಡೆಯಾಚೆ ಓಡುತ್ತಿತ್ತು, ಅದರ ಮೇಲೆ ಇಬ್ಬರು ಮಾತಾಡುತ್ತಿದ್ದರು, ಮಾತಿನಲ್ಲಿ ಮುಳುಗಿದ್ದ ಅವರಿಗೆ ಅದರ ನೆನಪೂ ಇರಲಿಲ್ಲ. ಅವನಿಗೆ ಹೆಮ್ಮೆಯಾಗಲಿಲ್ಲ. ನೋವೂ ಅಷ್ಟಾಗಲಿಲ್ಲ. ತಟ್ಟೆಯ ಅಂಚಿನಲ್ಲಿ ನೀಲಿ ಹೂಗಳಿದ್ದವು.

ಹೊರಡುವಾಗ ಅವನು ಎಸ್ಬೆನ್‌ನ ಎದುರು ಬಂದು ನಿಂತು, "ವಿಡಿಯೊ ಮಾಡಲ್ಲ," ಎಂದ.

"ಗೊತ್ತು," ಎಂದ ಎಸ್ಬೆನ್. "ಮೂತಿ ನೋಡಿದ್ರೆ ಗೊತ್ತಾಗುತ್ತೆ. ಕಾಲುಚೀಲ ಬಿಟ್ಟು ಹೋಗು, ಅದು ನನ್ನದು."

ಮರುದಿನದ ಸಭೆಯಲ್ಲಿ ಸೋಲ್ವಾಯ್ ಹೇಳಿದಂತೆಯೇ ಆಯಿತು. ಎಲ್ಲರಿಗೂ ಆರಿಸುವುದು, ಪಕ್ಕದಲ್ಲಿ ಒಂದು ಗುಂಡಿ. ಎಸ್ಬೆನ್ ಬರೆದ ಆ ಎರಡು ವಾಕ್ಯಗಳು ಸ್ವಲ್ಪ ಒರಟು ಎಂದ ಪ್ರೆಬೆನ್; ಸೋಲ್ವಾಯ್ ಒಪ್ಪಲಿಲ್ಲ; ಅವು ಹಾಗೇ ಉಳಿದವು. ಆರಿಸುವ ಸಾಲನ್ನು ಯಾರು ಬರೆಯುವುದು ಎಂದಾಗ ಕೋಣೆಯಲ್ಲಿ ಎಲ್ಲರೂ ಬೇರೆ ಕಡೆ ನೋಡಿದರು. ನಾನೇ ಬರೀತೀನಿ ಎಂದ ಥೋರ್ಕಿಲ್. ಸಣ್ಣ ಸಾಲು, ಮಧ್ಯಾಹ್ನದೊಳಗೆ ಮುಗಿಯಿತು. ಆಮೇಲೆ ಸೋಲ್ವಾಯ್‌ಳ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತು ಆ ವಕೀಲೆಯ ಹೆಸರೇನು ಎಂದು ಕೇಳಿದ. ಅದನ್ನು ಹೇಳುವ ಹಾಗಿಲ್ಲ ಎಂದಳು ಅವಳು. "ಈಗ್ಯಾಕೆ?" ಎಂದಳು. ಅವನು "ಕನ್ನಡಕ ಹಾಕ್ತಾಳಾ?" ಎಂದು ಕೇಳಿಬಿಟ್ಟ. ಸೋಲ್ವಾಯ್ ಅವನನ್ನು ನೋಡಿ, "ಇಲ್ಲ," ಎಂದಳು.

ಶನಿವಾರ ಅವನು ಬ್ರಾಬ್ರಾನ್‌ನ ಆಟದ ಹಾಲಿಗೆ ಹೋದ. ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಎಲ್ಲಕ್ಕಿಂತ ಮೇಲಿನ ಬೆಂಚಿನಲ್ಲಿ, ಕಂಬದ ಪಕ್ಕ ಕೂತ. ಆಟ ಅವನಿಗೆ ಅರ್ಥವಾಗಲಿಲ್ಲ. ಎಸ್ಬೆನ್‌ನ ಹಳದಿ ಅಂಗಿಯ ಹುಡುಗಿಯರು ಸೋಲುತ್ತಿದ್ದಾರೆ ಎಂಬುದಷ್ಟೇ ತಿಳಿಯಿತು. ಪಕ್ಕದಲ್ಲಿ ದಪ್ಪ ಸ್ವೆಟರಿನ ಗಂಡಸೊಬ್ಬ ಪ್ರತಿ ಚೆಂಡಿಗೂ ಎದ್ದು ಕೂರುತ್ತಿದ್ದ. ಪೀಪಿ ಕೂಗಿತು, ಬಿಡುವು, ಹುಡುಗಿಯರು ಓಡಿ ಬಂದು ಕುರ್ಚಿಯ ಸುತ್ತ ಬಗ್ಗಿ ನಿಂತರು. ಅಷ್ಟು ಮೇಲಕ್ಕೆ ಮಾತು ಕೇಳಿಸಲಿಲ್ಲ. ಬೆವರಿದ ಬೆನ್ನುಗಳು ಕಾಣುತ್ತಿದ್ದವು, ಅವುಗಳ ನಡುವೆ ಕೆಂಪು ಗಡ್ಡದ ಚೂರು. ಒಬ್ಬಳು ಬಾಯಿ ಮುಚ್ಚಿಕೊಂಡು ನಕ್ಕಳು. ಇನ್ನೊಬ್ಬಳು ತಲೆಯಾಡಿಸಿದಳು. ಮತ್ತೆ ಪೀಪಿ ಊದುವ ಮೊದಲೇ ಮಾತು ಮುಗಿದು ಎಲ್ಲರೂ ಅಂಗಳದಲ್ಲಿದ್ದರು.

"ಏನಂದ ಅವನು?" ಎಂದ ಸ್ವೆಟರಿನವನು.

"ನನಗೆ ಕೇಳಿಸಲಿಲ್ಲ."

"ನಿನ್ನ ಮಗಳು ಆಡ್ತಿದ್ದಾಳಾ?"

"ಇಲ್ಲ."

"ಮೊಮ್ಮಗಳು?"

ಥೋರ್ಕಿಲ್ ಇಲ್ಲವೆಂದು ತಲೆ ಅಲ್ಲಾಡಿಸಿದ. ಆ ಮನುಷ್ಯ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಮತ್ತೆ ಇಲ್ಲಿ ಏನು ಮಾಡ್ತಿದ್ದೀಯ, ಮಾರಾಯ?"

"ನೋಡ್ತಿದ್ದೀನಿ," ಎಂದ ಥೋರ್ಕಿಲ್.